ಕಡಲ ಹಾಡಿಗೆ ಹೊರಟ ಕಪಾಟು

ಹಾಡು ಕೇಳಲು ಎರಡು ಕಿವಿಯೂ ಒಂದು ಮೆತ್ತನೆಯ ಸೋಫಾವೂ ಇದ್ದರೆ ಸಾಕೆಂದು ನಂಬಿ ಅರುವತ್ತೆಂಟು ವರ್ಷ ಬದುಕಿದವಳು ನಾನು. ಕೆಲವು ಹಾಡುಗಳಿಗೆ ಕೈಕಾಲೂ ಬೇಕು, ಕಪಾಟೂ ಬೇಕು ಎಂದು ಕಾನ್ವೆಂಟಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲಿ ಹೇಳಿಕೊಟ್ಟದ್ದೇ ಬೇರೆ. ಒಮ್ಮೆ ಪಿಕ್ನಿಕ್ಕಿಗೆಂದು ನಮ್ಮನ್ನು ಕಾಸರಗೋಡಿನ ಕಡಲ ತೀರಕ್ಕೆ ಕರೆದೊಯ್ದಿದ್ದರು. ಬಲೆ ಎಳೆಯುವವರಲ್ಲಿ ಒಬ್ಬ ಕೂಗುತ್ತಿದ್ದ, ಉಳಿದವರು "ಐಲಸಾ" ಎಂದು ಓಗೊಡುತ್ತಿದ್ದರು. ನಾನೂ ಬಾಯಿ ತೆರೆದೆ, ಅಷ್ಟೆ. "ಲೇಡೀಸ್ ಡೋಂಟ್ ಶೌಟ್" ಎಂದರು ಸಿಸ್ಟರ್. ಆ ಐಲಸಾ ಅಂದಿನಿಂದ ನನ್ನ ಗಂಟಲಲ್ಲೇ ಪೇಯಿಂಗ್ ಗೆಸ್ಟ್ ಆಗಿ ಉಳಿಯಿತು.

ಹಾಗಾಗಿ ತಿರುವನಂತಪುರದಲ್ಲಿ ರಾಕೆಟ್ಟಿನ ಕೆಲಸದಲ್ಲಿರುವ ಮಗಳು ಕಡಲ ಹಾಡುಗಳ ಸಿಡಿ ಕಳಿಸಿ, ಫೋನಿನಲ್ಲಿ "ಮಮ್ಮೀ, ಜಸ್ಟ್ ರಿಲ್ಯಾಕ್ಸ್" ಎಂದಾಗ ಗಂಟಲಿನ ಆ ಗೆಸ್ಟ್ ಎದ್ದು ಕೂತಿತು. ಸಾಯುವ ಮೊದಲು ಒಮ್ಮೆ ಬಾಯಿ ತುಂಬ ಓಗೊಡಬೇಕು! ಆದರೆ ಎರ್ನಾಕುಲಂನ ಮೂರನೆಯ ಮಹಡಿಯ ಫ್ಲಾಟಿನಲ್ಲಿ? ಸಿಡಿ ಹಾಕಿ, ತುಟಿ ಬಿಗಿದು ಕೂತೆ. ನೆಲ ಒರೆಸುತ್ತಿದ್ದ ಮೇರಿ ಸುಮ್ಮನಿರಲಿಲ್ಲ. ಫೋರ್ಟ್ ಕೊಚ್ಚಿಯ ಮೀನುಗಾರರ ಮನೆಯವಳು. "ಅಮ್ಮೇ, ಈ ಪಾಟ್ಟು ಸುಮ್ಮನೆ ಕೇಳ್ಲಿಕ್ಕೆ ಅಲ್ಲ. ಎಂತಾದ್ರೂ ಎಳೀಬೇಕು" ಎಂದಳು. ಎಳೆಯಲು ಇದ್ದದ್ದು ಮಲಗುವ ಕೋಣೆಯ ಕಿಟಕಿಗೆ ಅಡ್ಡ ನಿಂತ ಬೀಟೆಯ ಕಪಾಟು. "ನಾಳೆ ನೋಡುವಾ ಮಾರಾಯ್ತಿ" ಎಂದು ನನ್ನವರು ಏಳು ವರ್ಷಗಳಿಂದ ಅದಕ್ಕೆ ವಾಯಿದೆ ಕೊಡುತ್ತಲೇ ಇದ್ದರು. ರಿಟೈರ್ ಆದ ವಕೀಲರಲ್ಲವೇ.

ಮೇರಿ ಕಪಾಟಿನಡಿ ನಾರಿನ ಚಾಪೆ ತೂರಿಸಿ, ಹಳೆಯ ಸೀರೆ ಬಿಗಿದಳು. ನಾವಿಬ್ಬರು ಎಳೆದೆವು, ಪೇಪರ್ ಬಿಟ್ಟೆದ್ದು ಬಂದ ಅವರು ಹಿಂದಿನಿಂದ ನೂಕಿದರು. ಕಪಾಟು ಜಾರಿತು! ಮೂರಡಿ ಸಾಕಿತ್ತು. "ಸ್ಟಾಪ್" ಎಂದೆ. "ಹಾಡಲ್ಲಿ ಬಲೆ ಇನ್ನೂ ದಡಕ್ಕೆ ಬರ್ಲಿಲ್ಲ ಅಮ್ಮೇ, ಈಗ ಬಿಟ್ರೆ ಮೀನೆಲ್ಲ ಹೋಗ್ತದೆ" ಎಂದಳು ಮೇರಿ. ಯಾವ ಮೀನು ಎಂದು ವಕೀಲರೂ ಕೇಳಲಿಲ್ಲ. ಕಪಾಟು ಹಾಲ್ ದಾಟಿತು, ಟೀವಿ ದಾಟಿತು. ಅದು ಮುಂಬಾಗಿಲಿಗೆ ಬಂದಾಗ ಕರೆಂಟ್ ಹೋಗಿ ಹಾಡು ನಿಂತಿತು. ಕಪಾಟೂ ನಿಂತಿತು, ಬಾಟಲಿಗೆ ಬಿರಡೆಯ ಹಾಗೆ. ಒಳಗೆ ಅವರು. ಹೊರಗೆ ಮೆಟ್ಟಿಲ ಬಳಿ ಮೇರಿ, ಜೊತೆಗೆ ನೈಟಿಯಲ್ಲಿ ನಾನು. ಕೆಳಗಿನಿಂದ ಫ್ಲಾಟ್ ಅಸೋಸಿಯೇಷನ್ನಿನ ಸೆಕ್ರೆಟರಿಯ ಚಪ್ಪಲಿ ಸದ್ದು ಹತ್ತಿ ಬರುತ್ತಿತ್ತು.

ಒಳಕ್ಕೆ ನೂಕಿದೆವು. ಹಾಡಿಲ್ಲದೆ ಒಬ್ಬೊಬ್ಬರು ಒಂದೊಂದು ಸಲ ನೂಕಿದರೆ ಬೀಟೆ ಕದಲುತ್ತದೆಯೇ? "ಸಾರ್, ಒಳಗಿಂದ ಎಳೀರಿ, ಕೂಗಿ!" ಎಂದಳು ಮೇರಿ. "ಎಂತ ಕೂಗುವುದು? ನನಗೆ ಹಾಡು ಬರುವುದಿಲ್ಲ." "ಬರುವುದನ್ನೇ ಕೂಗಿ!" ಎಂದೆ. ಒಂದು ಕೆಮ್ಮಿನ ನಂತರ ಒಳಗಿನಿಂದ ಕೋರ್ಟಿನ ದನಿ ಎದ್ದಿತು: "ಮೈ ಲಾರ್ಡ್!" ಸಿಸ್ಟರ್ ನೆನಪಾದರು. ಸಾರಿ ಸಿಸ್ಟರ್ ಎಂದುಕೊಂಡು ಬಾಯಿ ತೆರೆದೆ. "ಐಲಸಾ!" "ದಿ ಅಕ್ಯೂಸ್ಡ್ ಈಸ್ ಇನ್ನೊಸೆಂಟ್!" "ಐಲಸಾ!" ಏನು ದನಿ, ಏನು ಸುಖ! ಮೂರನೆಯ ಐಲಸಾಕ್ಕೆ ಒಂದು ಗಂಡು ಗಂಟಲೂ ಸೇರಿತು. ತಿರುಗಿ ನೋಡಿದರೆ ಸೆಕ್ರೆಟರಿ, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನೂಕುತ್ತಿದ್ದಾರೆ.

ಕಪಾಟು ಈಗ ಹಾಲ್‌ನಲ್ಲಿದೆ. ಮಲಗುವ ಕೋಣೆಯ ಕಿಟಕಿ ತೆರೆದಿದೆ. ಅದರಿಂದ ಕಾಣುವುದು ಎದುರು ಫ್ಲಾಟಿನವರು ತಮ್ಮ ಕಿಟಕಿಗೆ ಅಡ್ಡ ಇಟ್ಟ ಕಪಾಟಿನ ಬೆನ್ನು. ಹೋಗಲಿ, ಹಾಡನ್ನಾದರೂ ನೆಮ್ಮದಿಯಾಗಿ ಕೇಳೋಣವೆಂದು ನಿನ್ನೆ ಸಿಡಿ ಹಾಕಿ ಸೋಫಾದಲ್ಲಿ ಕೂತೆ. ಅವರು ಲುಂಗಿ ಎತ್ತಿ ಕಟ್ಟಿಕೊಂಡು ಬಂದು, "ಮೈ ಲಾರ್ಡ್, ಇದನ್ನು ಎಲ್ಲಿಗೆ?" ಎಂದು ಸೋಫಾಕ್ಕೆ ಕೈ ಹಚ್ಚಿದರು. ನಾನು ಇಳಿಯಬೇಕಿತ್ತು. ಆದರೆ ಬಾಯಿ ಆಗಲೇ ತೆರೆದಿತ್ತು.