ಉಲ್ಕಾವೀರನ ಇನ್ನೂರ ಹನ್ನೆರಡು ತುಂಡುಗಳು

“ಒಂದು ಪ್ಲಾಸ್ಟಿಕ್ ಗೊಂಬೆಗೆ ಇಷ್ಟು ದುಡ್ಡಾ! ಗಾಜಿನ ಪೆಟ್ಟಿಗೆಯೊಳಗೆ ಎದೆ ಉಬ್ಬಿಸಿಕೊಂಡು ಸುಮ್ಮನೆ ನಿಂತಿರೋದಕ್ಕೆ ಅವನಿಗೆ ನನ್ನ ಅರ್ಧ ತಿಂಗಳ ಸಂಬಳ ಕೊಡಬೇಕಾ? ನಾನೂ ದಿನಾ ಎಂಟು ಗಂಟೆ ನಿಂತಿರ್ತೀನಿ, ನನಗೆ ಯಾರು ಕೊಡ್ತಾರೆ? ಬೇಡವೇ ಬೇಡ. ಬಿಡಿಭಾಗಗಳ ಕಿಟ್ ತರ್ತೀನಿ. ನಾನೇ ಜೋಡಿಸ್ತೀನಿ. ಈ ಅಂಗಡಿಯವನೇ ಬಂದು ‘ಸಾರ್, ಇದು ಎಲ್ಲಿ ಸಿಕ್ತು?’ ಅಂತ ಕೇಳಬೇಕು, ಹಾಗೆ ಜೋಡಿಸ್ತೀನಿ!”

ಸೋಮವಾರ ಸಂಜೆ ಆಟಿಕೆ ಅಂಗಡಿಯ ಮುಂದೆ ನಿಂತು ಈ ಘೋಷಣೆ ಮೊಳಗಿಸಿದವರು ಪಂಪು ಕಾರ್ಖಾನೆಯ ಸ್ಟೋರ್‌ಕೀಪರು. ಪಕ್ಕದಲ್ಲಿದ್ದವರು ಅವರ ಹೆಂಡತಿ. ಮೂಳೆ ಆಸ್ಪತ್ರೆಯಲ್ಲಿ ಹದಿನಾರು ವರ್ಷದಿಂದ ನರ್ಸ್ ಆಗಿರುವುದರಿಂದ ಬೀದಿಗೆಲ್ಲ ಆಕೆ ನರ್ಸಮ್ಮ. ಇಬ್ಬರ ನಡುವೆ ಅಂಗಡಿಯ ಗಾಜಿಗೆ ಮೂಗೊತ್ತಿ ನಿಂತವಳು ಎಂಟು ವರ್ಷದ ಮಗಳು. ಗಾಜಿನ ಆಚೆ ನಿಂತವನು ಉಲ್ಕಾವೀರ! ಕೆಂಪು ಕವಚ, ಬೆನ್ನಿಗೆ ನೀಲಿ ಹೊದಿಕೆ, ಬಾನಿನಿಂದ ಉರುಳಿ ಬರುವ ಬಂಡೆಗಳನ್ನು ಒಂದೇ ಗುದ್ದಿಗೆ ಪುಡಿಪುಡಿ ಮಾಡುವ ಮಹಾಬಲಶಾಲಿ. ಮಗಳು ಟೀವಿಯಲ್ಲಿ ಅವನನ್ನು ನೋಡದ ದಿನವಿಲ್ಲ.

“ರೀ, ಹೋದ ವರ್ಷ ಪುಸ್ತಕದ ಕಪಾಟು ನಾನೇ ಜೋಡಿಸ್ತೀನಿ ಅಂದಿದ್ರಿ,” ಎಂದರು ನರ್ಸಮ್ಮ.

“ಈಗ ಆ ಮಾತು ಯಾಕೆ?”

“ಏನಿಲ್ಲ. ಅದು ಇನ್ನೂ ಮಂಚದ ಕೆಳಗೆ ಮಲಗಿದೆ, ಸುಮ್ಮನೆ ಜ್ಞಾಪಕ ಬಂತು.”

ಸ್ಟೋರ್‌ಕೀಪರು ಕೇಳದವರಂತೆ ಅಂಗಡಿಯ ಒಳಗೆ ನುಗ್ಗಿದರು. ಗಾಜಿನ ಪೆಟ್ಟಿಗೆಯ ವೀರನ ಹತ್ತನೇ ಒಂದು ಪಾಲಿನ ಬೆಲೆಗೆ ಕಿಟ್ ಸಿಕ್ಕಿತು. ಗೆದ್ದ ಮುಖ ಹೊತ್ತು ಹೊರಗೆ ಬಂದರು.

“ಅಪ್ಪ, ನಿಜವಾಗ್ಲೂ ನೀನೇ ಮಾಡ್ತೀಯಾ?”

“ಮತ್ತೆ ಇನ್ಯಾರು ಮಾಡ್ತಾರೆ?”

ಇಷ್ಟಕ್ಕೇ ನಿಂತಿದ್ದರೆ ಕಥೆ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಮೇಲಿನ ಮಹಡಿಯಲ್ಲಿ ಒಬ್ಬ ಹುಡುಗಿ ಇದ್ದಳು, ಮಗಳ ತರಗತಿಯವಳು. ಅವಳ ಬಳಿ ಗಾಜಿನ ಪೆಟ್ಟಿಗೆಯ ಉಲ್ಕಾವೀರನೇ ಇದ್ದ. ಎರಡು ಅಡಿ ದೂರ ನಿಂತು ಕೈಕಟ್ಟಿಕೊಂಡು ನೋಡಬಹುದು, ಮುಟ್ಟುವ ಹಾಗಿಲ್ಲ. ಅದೇ ಸಂಜೆ ಮೆಟ್ಟಿಲ ಮೇಲೆ ಮಗಳು ಅವಳಿಗೆ ಹೇಳುತ್ತಿದ್ದದ್ದು ಸ್ಟೋರ್‌ಕೀಪರ ಕಿವಿಗೆ ಬಿತ್ತು: “ಭಾನುವಾರ ನಾಲ್ಕು ಗಂಟೆಗೆ ಎಲ್ಲರನ್ನೂ ಕರ್ಕೊಂಡು ಬಾ. ನಿಂದು ಅಂಗಡೀದು. ನಂದು ನಮ್ಮಪ್ಪ ಮಾಡಿದ್ದು!”

ಸ್ಟೋರ್‌ಕೀಪರು ಅಲ್ಲೇ ನಿಂತುಬಿಟ್ಟರು. ಇಪ್ಪತ್ತೊಂದು ವರ್ಷ ಅವರು ಕಾರ್ಖಾನೆಯಲ್ಲಿ ಬೇರೆಯವರು ಕೇಳಿದ ಬೋಲ್ಟು, ನಟ್ಟು, ವಾಷರುಗಳನ್ನು ಎತ್ತಿ ಕೊಟ್ಟಿದ್ದರು. ಆ ಕೈಯಿಂದ ಒಂದು ಪಂಪೂ ಹುಟ್ಟಿರಲಿಲ್ಲ. “ನಮ್ಮಪ್ಪ ಮಾಡಿದ್ದು” ಎಂಬ ಮಾತು ಮಗಳ ಬಾಯಲ್ಲಿ ಬಂದದ್ದು ಇದೇ ಮೊದಲು. ಇನ್ನು ಏನೇ ಆಗಲಿ, ಭಾನುವಾರ ನಾಲ್ಕಕ್ಕೆ ಉಲ್ಕಾವೀರ ಎದ್ದು ನಿಲ್ಲಲೇಬೇಕು!

ಮಂಗಳವಾರ ಸಂಜೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಮಹಾಕಾರ್ಯಕ್ಕೆ ಕೈಹಾಕಿದರು. ಪೆಟ್ಟಿಗೆಯಲ್ಲಿ ಎಂಟು ಪ್ಲಾಸ್ಟಿಕ್ ಚೌಕಟ್ಟುಗಳಿದ್ದವು. ಅವುಗಳ ಕಡ್ಡಿಗಳಿಗೆ ಅಂಟಿಕೊಂಡು ಇನ್ನೂರ ಹನ್ನೆರಡು ತುಂಡುಗಳು. ಜೊತೆಗೊಂದು ಸೂಚನಾ ಪುಸ್ತಕ. ಅದನ್ನು ಅವರು ಬದಿಗೆ ಸರಿಸಿದರು.

“ಮೊದಲು ಓದಬಾರದಾ?” ಎಂದರು ನರ್ಸಮ್ಮ.

“ಬಿಡಿಭಾಗದ ವಿಷಯ ನನಗೆ ಹೇಳಿಕೊಡ್ತೀಯೇನೇ? ನಮ್ಮ ಸ್ಟೋರಿನ ಮೊದಲನೇ ನಿಯಮ ಏನು ಗೊತ್ತಾ? ಮೊದಲು ವಿಂಗಡಣೆ, ಆಮೇಲೆ ಮಿಕ್ಕಿದ್ದು!”

“ನಿಯಮ ಇರಲಿ. ಅದು ನನ್ನ ಉಗುರು ಕತ್ತರಿಸೋ ನೇಲ್ ಕಟ್ಟರ್ ಅಲ್ವಾ?”

ಅದೇ ಆಗಿತ್ತು. ಆ ಆಯುಧದಿಂದ ಕಟ್ ಕಟ್ ಎಂದು ಇನ್ನೂರ ಹನ್ನೆರಡನ್ನೂ ಚೌಕಟ್ಟಿನಿಂದ ಕತ್ತರಿಸಿ ತೆಗೆದರು. ಅಡುಗೆಮನೆಯ ಡಬ್ಬಿ, ಬಟ್ಟಲು, ಮೊಟ್ಟೆಯ ಟ್ರೇ ಎಲ್ಲವೂ ಮೇಜಿಗೆ ಬಂದವು. ಒಂದೊಂದು ತುಂಡನ್ನೂ ಅಳತೆಯ ಪ್ರಕಾರ ವಿಂಗಡಿಸಿ ಚೀಟಿ ಅಂಟಿಸಿದರು: ‘ಸಣ್ಣವು’, ‘ಅತಿ ಸಣ್ಣವು’, ‘ಉದ್ದನೆಯವು’, ‘ಕೊಕ್ಕೆ ಇರುವವು’, ‘ಸಣ್ಣವು ಆದರೆ ದಪ್ಪ’. ಆಹಾ, ಏನು ಅಚ್ಚುಕಟ್ಟು! ಕಾರ್ಖಾನೆಯ ಮ್ಯಾನೇಜರ್ ನೋಡಿದ್ದರೆ ಅಲ್ಲೇ ಬಡ್ತಿ ಕೊಡುತ್ತಿದ್ದರು. ಮರುದಿನ ಬೆಳಿಗ್ಗೆ ಕಸದ ಗಾಡಿ ಬಂದಾಗ, ಖಾಲಿಯಾದ ಎಂಟು ಚೌಕಟ್ಟುಗಳನ್ನು ತಾವೇ ಮುರಿದು ಕಟ್ಟಿ ಕೊಟ್ಟು ಕೈ ತೊಳೆದುಕೊಂಡರು.

ಬುಧವಾರ ಸಂಜೆ ಪುಸ್ತಕ ತೆರೆದರು. ಮೊದಲನೇ ಪುಟ: ‘ಬಿ-14ನ್ನು ಡಿ-3ಕ್ಕೆ ಸೇರಿಸಿ’.

ಸ್ಟೋರ್‌ಕೀಪರು ಒಂದು ತುಂಡು ಎತ್ತಿ ತಿರುಗಿಸಿ ನೋಡಿದರು. ನಂಬರಿಲ್ಲ. ಇನ್ನೊಂದು ನೋಡಿದರು. ಅದರಲ್ಲೂ ಇಲ್ಲ. ಕನ್ನಡಕ ಒರೆಸಿ ಮತ್ತೊಂದು ನೋಡಿದರು. ಪುಸ್ತಕದ ಕೊನೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಬರೆದಿತ್ತು: ‘ತುಂಡುಗಳ ನಂಬರನ್ನು ಚೌಕಟ್ಟಿನ ಮೇಲೆ, ಆಯಾ ತುಂಡಿನ ಪಕ್ಕದಲ್ಲಿ ಮುದ್ರಿಸಲಾಗಿದೆ. ಬೇಕಾದಾಗ ಬೇಕಾದ ತುಂಡನ್ನು ಮಾತ್ರ ಕತ್ತರಿಸಿ.’

ಪುಸ್ತಕ ಕೈಜಾರಿ ದಪ್ಪೆಂದು ನೆಲಕ್ಕೆ ಬಿತ್ತು.

“ಏನಾಯ್ತು?” ಅಡುಗೆಮನೆಯಿಂದ ನರ್ಸಮ್ಮನ ದನಿ.

“ಏನಿಲ್ಲ! ಎಲ್ಲ ಲೆಕ್ಕಾಚಾರದ ಪ್ರಕಾರ ನಡೀತಿದೆ!”

“ನಿಮ್ಮ ದನಿ ಕೇಳಿದ್ರೆ ಹಾಗನ್ನಿಸ್ತಿಲ್ಲ.”

ವಿಷಯ ತಿಳಿದ ನರ್ಸಮ್ಮ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದರು. ಅಳುತ್ತಿದ್ದಾರೆ ಎಂದುಕೊಂಡರೆ ಭುಜ ಕುಣಿಯುತ್ತಿತ್ತು! “ಸ್ಟೋರಿನ ಮೊದಲನೇ ನಿಯಮ...” ಎಂದು ಶುರುಮಾಡಿ, ಮುಂದೆ ಹೇಳಲಾಗದೆ ಒಳಗೆ ಓಡಿದರು.

ಇನ್ನೊಬ್ಬರಾಗಿದ್ದರೆ ಅಷ್ಟಕ್ಕೇ ಕೈಚೆಲ್ಲುತ್ತಿದ್ದರು. ಆದರೆ ನಮ್ಮ ಸ್ಟೋರ್‌ಕೀಪರು ಹಟಕ್ಕೆ ಬಿದ್ದರೆ ಹಿಂದೆ ಸರಿಯುವ ಜಾತಿಯಲ್ಲ. ನಂಬರಿಲ್ಲದಿದ್ದರೇನು, ಕಣ್ಣಿಲ್ಲವೇ? ಚಿತ್ರ ನೋಡುವುದು, ಡಬ್ಬಿ ತಡಕುವುದು, ಹೋಲುವ ತುಂಡನ್ನು ತುರುಕುವುದು. ಗುರುವಾರದ ಹೊತ್ತಿಗೆ ಎರಡು ಕಾಲುಗಳು ಸಿದ್ಧವಾದವು. ಒಂದನ್ನು ಕಿಸೆಯಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋಗಿ, ಊಟದ ಬಿಡುವಿನಲ್ಲಿ ಲೇತ್ ಮೇಸ್ತ್ರಿಗೆ ತೋರಿಸಿದರು. ಬಿಡಿಭಾಗ ಕೂಡಿಸುವುದರಲ್ಲಿ ಆತನನ್ನು ಮೀರಿಸಿದವರಿಲ್ಲ.

ಮೇಸ್ತ್ರಿ ಅದನ್ನು ಬೆಳಕಿಗೆ ಹಿಡಿದು, “ಚೆನ್ನಾಗಿದೆ ಸಾರ್. ನೀರು ಎಲ್ಲಿಂದ ಬರುತ್ತೆ?” ಎಂದ.

“ನೀರಾ?”

“ನಲ್ಲಿ ಅಲ್ವಾ ಇದು?”

“ಕಾಲು ಕಣಯ್ಯಾ! ಅದು ಮೊಣಕಾಲು!”

“ಓಹೋ,” ಎಂದು ಮೇಸ್ತ್ರಿ ಬಹಳ ಮರ್ಯಾದೆಯಿಂದ ವಾಪಸು ಕೊಟ್ಟ. “ಪಾಪ, ಯಾವಾಗಿಂದ ಹೀಗಿದೆ ಸಾರ್?”

ಸ್ಟೋರ್‌ಕೀಪರು ಆ ದಿನ ಅವನಿಗೆ ಬೋಲ್ಟು ಕೊಡುವಾಗ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ಮನೆಗೆ ಬಂದವರೇ ಕಾಲು ಬಿಚ್ಚಿ ಮತ್ತೆ ಜೋಡಿಸಿದರು. ಶುಕ್ರವಾರ ಮುಂಡ ಬಂತು, ತೋಳು ಬಂದವು, ತಲೆ ಕೂತಿತು. ಉಲ್ಕಾವೀರ ಪುಸ್ತಕದ ರಾಶಿಗೆ ಒರಗಿ ನಿಂತೇಬಿಟ್ಟ! ಸ್ಟೋರ್‌ಕೀಪರು ಡ್ಯೂಟಿ ಮುಗಿಸಿ ಬಂದ ಹೆಂಡತಿಯನ್ನು ಬಾಗಿಲಲ್ಲೇ ಹಿಡಿದರು.

“ನೋಡು! ಈಗ ನಗು ನೋಡೋಣ!”

ನರ್ಸಮ್ಮ ನಗಲಿಲ್ಲ. ಕೈಚೀಲ ಕೆಳಗಿಟ್ಟು, ಬಗ್ಗಿ, ರೋಗಿಯನ್ನು ತಪಾಸಣೆ ಮಾಡಿದರು. “ಮೊಣಕಾಲು ಮುಂದಕ್ಕೆ ಮಡಚುತ್ತೆ. ಬಲಗೈ ಎಡಕ್ಕಿದೆ. ಪಾದ ಎರಡೂ ಹಿಂದಕ್ಕೆ ನೋಡ್ತಿವೆ. ಇವನು ವಿಲನ್‌ನ ಹಿಡಿಯೋಕೆ ಓಡಿದ್ರೆ ಸೀದಾ ತನ್ನ ಮನೆಗೇ ಹೋಗ್ತಾನೆ ರೀ.”

“ಮಹಾಬಲಶಾಲಿಗಳು ಹೇಗೆ ಬೇಕಾದರೂ ಓಡ್ತಾರೆ!”

“ಕತ್ತು?”

“ಕತ್ತಿಗೇನಾಗಿದೆ?”

“ಇಲ್ಲ. ಏನೂ ಆಗಿಲ್ಲ, ಕತ್ತೇ ಇಲ್ಲ.”

ಕತ್ತು ‘ಸಣ್ಣವು ಆದರೆ ದಪ್ಪ’ ಡಬ್ಬಿಯಲ್ಲಿ ಸಿಕ್ಕಿತು. ಶನಿವಾರ ರಜೆ ಹಾಕಿ ಮತ್ತೆಲ್ಲ ಬಿಚ್ಚಿದರು, ಮತ್ತೆ ಕಟ್ಟಿದರು. ಬಿಚ್ಚಿ ಬಿಚ್ಚಿ ತುಂಡುಗಳ ಕೊಂಡಿಗಳು ಸವೆದು ಸಡಿಲವಾದವು. ಕೈ ಎತ್ತಿದರೆ ಕಾಲು ಬೀಳುತ್ತಿತ್ತು, ಕಾಲು ಸೇರಿಸಿದರೆ ತಲೆ ಉರುಳುತ್ತಿತ್ತು. ಕಿಟ್ಟಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಅಂಟು ಬಳಸಬೇಡಿ’ ಎಂದು ಬರೆದಿತ್ತು. ಇದು ಹೇಡಿಗಳಿಗೆ ಹೇಳಿದ ಮಾತು ಎಂದು ತೀರ್ಮಾನಿಸಿದ ಸ್ಟೋರ್‌ಕೀಪರು, ಚಿಟಿಕೆ ಹೊಡೆಯುವುದರೊಳಗೆ ಹಿಡಿದುಕೊಳ್ಳುವ ಅಂಟಿನ ಟ್ಯೂಬು ತಂದರು.

ಅಂಟು ನಿಜಕ್ಕೂ ಮಾತಿಗೆ ತಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಉಲ್ಕಾವೀರ ಗಟ್ಟಿಯಾಗಿ ನಿಂತ. ಅವನ ಮುಖಕ್ಕೆ ಗಟ್ಟಿಯಾಗಿ ಅಂಟಿಕೊಂಡು ಸ್ಟೋರ್‌ಕೀಪರ ಎರಡು ಬೆರಳುಗಳೂ ನಿಂತವು!

“ರೀ, ಎಳೀಬೇಡಿ. ಬಿಸಿ ಸೋಪುನೀರಲ್ಲಿ ನೆನೆಸಿ. ಅರ್ಧ ಗಂಟೆ ತಾಳ್ಮೆ ಇಟ್ಟುಕೊಂಡ್ರೆ ತಾನೇ ಬಿಡುತ್ತೆ,” ಎಂದು ನರ್ಸಮ್ಮ ನೀರು ಕಾಯಿಸಲು ಹೋದರು.

ಅರ್ಧ ಗಂಟೆಯೇ! ನಾಲ್ಕಕ್ಕೆ ಮಕ್ಕಳು ಬರುತ್ತಾರೆ, ಇನ್ನೂ ಹೊದಿಕೆ ಕಟ್ಟಿಲ್ಲ. ಕನ್ನಡಿಯ ಮುಂದೆ ಹೆಂಡತಿಯ ನೇಲ್ ಪಾಲಿಶ್ ಅಳಿಸುವ ದ್ರವದ ಶೀಶೆ ಕಂಡಿತು. ಅಷ್ಟು ಗಟ್ಟಿ ಬಣ್ಣ ಬಿಡಿಸುವುದು ಅಂಟನ್ನು ಬಿಡಿಸದೇ? ಸುರಿದೇಬಿಟ್ಟರು. ಬೆರಳು ಅಲುಗಾಡಿತು. ಜೊತೆಗೆ ಉಲ್ಕಾವೀರನ ಮೂಗು ಮೆತ್ತಗಾಗಿ ಕೆನ್ನೆಯ ಕಡೆಗೆ ಹರಿಯತೊಡಗಿತು. “ಅಯ್ಯಯ್ಯೋ!” ಎಂದು ಕೈ ಝಾಡಿಸಿದರು. ಬೆರಳ ತುದಿಯ ಚರ್ಮ ಕಿತ್ತುಬಂತು, ವೀರ ಗಾಳಿಯಲ್ಲಿ ಹಾರಿದ. ಬಾನಿನ ಬಂಡೆಗಳನ್ನು ಪುಡಿಮಾಡುವವನು ಎದುರಿನ ಗೋಡೆಗೆ ಬಡಿದು, ಒಂದು ಕಾಲು ಸೋಫಾದ ಕೆಳಗೆ, ಒಂದು ತೋಳು ಚಪ್ಪಲಿಯ ಸ್ಟ್ಯಾಂಡಿನಲ್ಲಿ, ಉಳಿದದ್ದು ಮಗಳ ಕಾಲ ಬಳಿ ಬಿತ್ತು.

ಮಗಳು ಬಗ್ಗಿ ಎತ್ತಿಕೊಂಡಳು. ಕರಗಿದ ಮುಖವನ್ನು ನೋಡಿದಳು. ಅಳಲಿಲ್ಲ, ತುಟಿಯನ್ನು ಬಿಗಿಯಾಗಿ ಒತ್ತಿಕೊಂಡಳು. ಅವಳು ಅತ್ತಿದ್ದರೇ ವಾಸಿಯಿತ್ತು ಅನ್ನಿಸಿತು ಸ್ಟೋರ್‌ಕೀಪರಿಗೆ. ಅವರು ಗೂಟದಲ್ಲಿದ್ದ ಅಂಗಿ ಹಾಕಿಕೊಂಡು ಪರ್ಸು ತೆಗೆದುಕೊಂಡರು.

“ಎಲ್ಲಿಗೆ ಅಪ್ಪ?”

“ಅಂಗಡಿಗೆ ಮರಿ. ಗಾಜಿನ ಪೆಟ್ಟಿಗೇದೇ ತಂದುಬಿಡ್ತೀನಿ. ಅಪ್ಪನ ಕೈಲಿ ಆಗಲಿಲ್ಲ.”

“ಬೇಡ,” ಎಂದಳು ಮಗಳು. “ನಾನು ಅಪ್ಪ ಮಾಡಿದ್ದು ಅಂತ ಹೇಳಿದೀನಿ. ಅಪ್ಪ ತಂದಿದ್ದು ಅಂತ ಹೇಳಿಲ್ಲ. ಇನ್ನೂ ತುಂಬ ಹೊತ್ತಿದೆಯಲ್ಲ?”

ಸ್ಟೋರ್‌ಕೀಪರು ಪರ್ಸನ್ನು ಮತ್ತೆ ಒಳಗಿಟ್ಟರು. ಅಂಗಿಯ ತೋಳು ಮಡಚಿದರು. ಪಟ್ಟು ಹಿಡಿಯುವುದರಲ್ಲಿ ಮಗಳು ಅವರನ್ನೇ ಮೀರಿಸಿದ್ದಳು.

ಅಷ್ಟರಲ್ಲಿ ನರ್ಸಮ್ಮ ಬಿಸಿನೀರು ಹಿಡಿದು ಬಂದರು. ಗೋಡೆ ನೋಡಿದರು, ಗಂಡನ ಬೆರಳು ನೋಡಿದರು, ಮಗಳ ಕೈಯಲ್ಲಿದ್ದದ್ದನ್ನು ನೋಡಿದರು. ಪಾತ್ರೆ ಕೆಳಗಿಟ್ಟು, “ಇಬ್ಬರೂ ಪಕ್ಕಕ್ಕೆ ಸರೀರಿ. ಇನ್ನು ಇದು ಸ್ಟೋರಿನ ಕೆಲಸ ಅಲ್ಲ, ನಮ್ಮ ವಾರ್ಡಿನದು,” ಎಂದು ಔಷಧದ ಡಬ್ಬಿ ತೆರೆದರು.

ಮೊದಲು ಗಂಡನ ಎರಡು ಬೆರಳಿಗೆ ಮದ್ದು ಹಾಕಿ ಬ್ಯಾಂಡೇಜು ಸುತ್ತಿದರು. ಆಮೇಲೆ ಉಲ್ಕಾವೀರನ ಸರದಿ. ಮುರಿದ ಕಾಲಿಗೆ ಐಸ್‌ಕ್ರೀಮ್ ಕಡ್ಡಿ ಕೊಟ್ಟು ಕಟ್ಟಿದರು. ತೋಳನ್ನು ಸೇರಿಸಿ, ನೀಲಿ ಹೊದಿಕೆಯಿಂದಲೇ ಜೋಲಿ ಮಾಡಿ ಕುತ್ತಿಗೆಗೆ ತೂಗುಹಾಕಿದರು. ಮೂಗು ಹರಿದುಹೋದ ಮುಖಕ್ಕೆ ಕಣ್ಣೆರಡು ಬಿಟ್ಟು ಪೂರ್ತಿ ಪಟ್ಟಿ. ಸ್ಟೋರ್‌ಕೀಪರಿಗೆ ಸಿಕ್ಕ ಕೆಲಸ ಷೂ ಡಬ್ಬಿಯನ್ನು ಕತ್ತರಿಸಿ ಮಂಚ ಮಾಡುವುದು. ಎಲ್ಲೂ ಸೇರದೆ ಉಳಿದ ಮೂವತ್ತೇಳು ತುಂಡುಗಳಲ್ಲಿ ಉದ್ದನೆಯವನ್ನು ಕೂಡಿಸಿ ಅವರು ಒಂದು ಡ್ರಿಪ್ ಸ್ಟ್ಯಾಂಡನ್ನೂ ಮಾಡಿದರು. ಅದು ಸರಿಯಾಗಿ ನೆಟ್ಟಗೆ ನಿಂತಿತು. ಮಗಳು ಕರವಸ್ತ್ರವನ್ನು ಹೊದಿಕೆ ಮಾಡಿ ರೋಗಿಯ ಎದೆಯವರೆಗೆ ಎಳೆದಳು.

ನಾಲ್ಕು ಗಂಟೆಗೆ ಬೆಲ್ ಆಯಿತು. ಐದು ಹುಡುಗಿಯರು ಒಳಗೆ ಬಂದರು, ಎಲ್ಲರಿಗಿಂತ ಮುಂದೆ ಮೇಲಿನ ಮಹಡಿಯವಳು. ಸ್ಟೋರ್‌ಕೀಪರು ಬಾಗಿಲ ಪರದೆಯ ಹಿಂದೆ ಅಡಗಿ ನಿಂತರು. ಬರಲಿದೆ, ಈಗ ಬರಲಿದೆ, ಆ ನಗು ಈಗ ಬರಲಿದೆ!

ನಗು ಬರಲಿಲ್ಲ. ಐವರೂ ಮಂಚದ ಸುತ್ತ ಮಂಡಿಯೂರಿ ಕೂತರು.

“ಅಯ್ಯೋ ಪಾಪ! ಇಷ್ಟೊಂದು ಏಟಾಗಿದೆಯಲ್ಲೇ!” ಎಂದಳು ಒಬ್ಬಳು ಪಿಸುದನಿಯಲ್ಲಿ. “ಯಾರ ಜೊತೆ ಹೊಡೆದಾಡಿದ?”

“ನಮ್ಮಪ್ಪನ ಜೊತೆ,” ಎಂದಳು ಮಗಳು.

ಐದು ಜೊತೆ ಕಣ್ಣುಗಳು ಅರಳಿ ಪರದೆಯ ಕಡೆ ತಿರುಗಿದವು. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಸ್ಟೋರ್‌ಕೀಪರು ಬ್ಯಾಂಡೇಜಿನ ಕೈಯನ್ನು ಬೆನ್ನ ಹಿಂದೆ ಅಡಗಿಸಿ ಹೊರಗೆ ಬಂದರು.

“ಯಾರು ಗೆದ್ರು?”

ಮಗಳು ಅಪ್ಪನ ಕೈಯನ್ನು ಮುಂದಕ್ಕೆ ಎಳೆದು ಎಲ್ಲರಿಗೂ ತೋರಿಸಿದಳು. “ಇಬ್ಬರೂ ಸೋತ್ರು. ಆಮೇಲೆ ಅಮ್ಮ ಬಂದು ಬಿಡಿಸಿದ್ಲು.”

ಅಡುಗೆಮನೆಯಲ್ಲಿ ಏನೋ ಕೆಳಗೆ ಬಿದ್ದ ಸದ್ದಾಯಿತು. ನರ್ಸಮ್ಮನ ಭುಜ ಮತ್ತೆ ಕುಣಿಯುತ್ತಿರಬೇಕು.

ಹುಡುಗಿಯರು ಸರದಿಯ ಪ್ರಕಾರ ರೋಗಿಯ ನಾಡಿ ಹಿಡಿದರು, ಜ್ವರ ನೋಡಿದರು, ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದರು. ಮೇಲಿನ ಮಹಡಿಯವಳು ಮಾತ್ರ ತನ್ನ ಸರದಿ ಬರುವ ಮೊದಲೇ ಎದ್ದು ಮನೆಗೆ ಓಡಿದಳು. ಎರಡೇ ನಿಮಿಷದಲ್ಲಿ ಏದುಸಿರು ಬಿಡುತ್ತ ಹಿಂತಿರುಗಿ, ಗಾಜಿನ ಪೆಟ್ಟಿಗೆಯನ್ನು ಸ್ಟೋರ್‌ಕೀಪರ ಮುಂದೆ ಹಿಡಿದಳು.

“ಅಂಕಲ್, ಇವನು ಹೊಸಬ, ಒಂದು ಏಟೂ ತಿಂದಿಲ್ಲ. ಇವನಿಗೂ ನಾಲ್ಕು ಬಿಗೀತೀರಾ?”