ಸಲಾಯಿನ್ ಬಿಚ್ಚಿದ ಟ್ರ್ಯಾಕ್ಟರು

ಬಿಚ್ಚುವುದರಲ್ಲಿ ನನಗೆ ಚಿಕ್ಕಂದಿನಿಂದಲೂ ಒಳ್ಳೆಯ ಹೆಸರಿದೆ, ಕೂಡಿಸುವುದರಲ್ಲಿ ಇಲ್ಲ. ಮನೆಯ ಗೋಡೆ ಗಡಿಯಾರ, ಮಿಕ್ಸರು, ಹೆಂಡತಿಯ ಹೊಲಿಗೆ ಯಂತ್ರ ಎಲ್ಲವೂ ನನ್ನ ಕೈಯಲ್ಲಿ ಬಿಚ್ಚಿಸಿಕೊಂಡು ಬೇರೆಯವರ ಕೈಯಲ್ಲಿ ಕೂಡಿಸಿಕೊಂಡಿವೆ. ಇಳಕಲ್ಲಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿರುವವನಿಗೆ, ಯಂತ್ರವೊಂದು ಕೆಟ್ಟು ನಿಂತಿದ್ದರೆ ಸುಮ್ಮನೆ ಹಾದುಹೋಗುವುದು ಕಷ್ಟ. ಅದು ನನ್ನ ಡಿಗ್ರಿಯನ್ನೇ ಕೆಣಕುತ್ತಿದೆ ಅನ್ನಿಸುತ್ತದೆ. ಊರಲ್ಲಿರುವ ಅಣ್ಣನ ಹಳೆಯ ಟ್ರ್ಯಾಕ್ಟರಿಗೆ ಕೈ ಹಚ್ಚುತ್ತೇನೆ ಅಂದಾಗ ಹೆಂಡತಿ, "ಮೊದಲ ಒಂದು ಫೋಟೋ ತಗದಿಡ್ರಿ. ಹೆಂಗಿತ್ತು ಅಂತ ಆಮ್ಯಾಲೆ ಗೊತ್ತಾಗಬೇಕಲ್ಲ" ಎಂದಳು.

ಅಣ್ಣ ಸಂಗಪ್ಪ ಇರುವುದು ಗುಡೂರಿನಲ್ಲಿ. ಹೋದ ವರ್ಷ ಹೊಲದ ಬದುವಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ರಾಡು ಹಾಕಿದರು, ಎಲುಬು ಕೂಡಿತು, ಡಾಕ್ಟರು "ಇನ್ನು ಏನು ಬೇಕಾದ್ರೂ ಮಾಡ್ರಿ" ಎಂದರು. ಅಣ್ಣ ಮಾತ್ರ ಏನನ್ನೂ ಮಾಡದೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟ. ಮಕ್ಕಳು ಬ್ಯಾಂಕಿನ ಸಾಲದಲ್ಲಿ ತಂದ ಹೊಸ ಟ್ರ್ಯಾಕ್ಟರು ಅವನಿಗೆ ಸೇರುವುದಿಲ್ಲ. "ಅದರ ಮ್ಯಾಲೆ ಕುಂತ್ರ ಬ್ಯಾಂಕಿನ್ಯಾಗ ಕುಂತಂಗ ಆಕ್ಕೈತಿ" ಎನ್ನುತ್ತಾನೆ. ಹಿಂದಿನ ಟ್ರೇಲರಿನಲ್ಲಾದರೂ ಕೂತು ಬಾ ಎಂದರೆ, "ಜ್ವಾಳದ ಚೀಲಾ ಅಲ್ಲ ನಾ" ಎಂಬ ಉತ್ತರ. ಅತ್ತಿಗೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ವರ್ಷ ಆತು ನೋಡ್ರಿ, ಹೊಲದ ಮಣ್ಣ ತುಳದಿಲ್ಲ. ಹಿಂಗ ಕುಂತ್ರ ಕುಂತಬಿಡ್ತಾರ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನನ್ನು ಓದಿಸಿದವನು ಈ ಅಣ್ಣನೇ.

ಎಳ್ಳ ಅಮಾವಾಸ್ಯೆಗೆ ನಮ್ಮಲ್ಲಿ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅದರಲ್ಲೊಂದು ಪಾಲನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಅಲ್ಲೇ ಉಂಡು ಬರುತ್ತೇವೆ. ಅದಕ್ಕಾದರೂ ಬಾ ಎಂದು ಕರೆದೆ. "ನಮ್ಮ ಹಳೆ ಗಾಡಿ ನಾನ ಹೊಡಕೊಂಡು ಬರ್ತೇನಿ. ಆದ್ರ ಆ ಸಲಾಯಿನ್ ಬಿಚ್ಚಬೇಕು" ಎಂದ.

ಸಲಾಯಿನ್ ಎಂದರೆ ಒಂದು ಪ್ಲಾಸ್ಟಿಕ್ ಕ್ಯಾನು. ಮೂವತ್ತು ವರ್ಷದ ಕೆಳಗೆ, ಅಪ್ಪ ಕೊಂಡ ಆ ಟ್ರ್ಯಾಕ್ಟರು ದಾರಿಯಲ್ಲಿ ನಿಂತು ನಿಂತು ಹೋಗತೊಡಗಿತು. ಯಾರೋ ಮಿಸ್ತ್ರಿ ಬಂದು, ಡೀಸೆಲ್ ಟಾಕಿಯ ಒಳಗೆ ಹೊಲಸಾಗಿದೆ, ಕಿತ್ತೊಗೆಯಿರಿ ಎಂದ. ಅಣ್ಣ ಟಾಕಿ ಕಿತ್ತು, ಬಾನೆಟ್ಟಿನ ಮೇಲೊಂದು ಕೋಲು ನಿಲ್ಲಿಸಿ, ಆಸ್ಪತ್ರೆಯ ಸಲಾಯಿನ್ ಬಾಟಲಿಯಂತೆ ಕ್ಯಾನು ತೂಗುಹಾಕಿದ. ಅದರ ಬಾಯಿಗೊಂದು ಅರಿವೆ ಚೂರು, ಬುಡಕ್ಕೊಂದು ನಳಿಗೆ. ಗಾಡಿ ಓಡಿತು. ಆದರೆ ಅಪ್ಪ ಇರುವ ತನಕ ದಿನಾ ಬೆಳಗ್ಗೆ "ನಿನ್ನ ಪೇಶಂಟ ಹೆಂಗೈತೋ?" ಎಂದು ಕೇಳುವುದನ್ನು ಬಿಡಲಿಲ್ಲ. ಗಾಡಿ ಇಟ್ಟುಕೊಳ್ಳುವುದು ಸಂಗಪ್ಪನಿಗೆ ತಿಳಿಯದು ಎಂದು ಬಂದ ಬೀಗರ ಮುಂದೆಲ್ಲ ಹೇಳಿದರು. ಅಣ್ಣ ಒಂದು ಮಾತೂ ತಿರುಗಿ ಆಡಲಿಲ್ಲ. ಅದು ಅವನೊಳಗೆ ಇನ್ನೂ ಚುಚ್ಚುತ್ತಿದೆ ಎಂದು ನನಗೆ ಗೊತ್ತಾದದ್ದು ಈಗ.

ಹಳೆಯ ಟಾಕಿ ಅಟ್ಟದ ಮೇಲೆ ಸಿಕ್ಕಿತು. ಒಳಗೆ ಕಣಜದ ಹುಳುಗಳು ಸಂಸಾರ ಹೂಡಿದ್ದವು, ನನ್ನ ಎಡಗಿವಿ ಎರಡು ದಿನ ಜೋಳದ ರೊಟ್ಟಿಯಷ್ಟು ಉಬ್ಬಿತ್ತು. ಟಾಕಿಯ ಕೆಳಗೆ ಕಸ ಇಳಿಯಲೆಂದು ಇರುವ ಗಾಜಿನ ಬಟ್ಟಲನ್ನು ಎರಡು ವಾರ ಹುಡುಕಿದೆ. ಅದು ಅತ್ತಿಗೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ ತುಂಬಿಕೊಂಡು ಕೂತಿತ್ತು. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದರಿಂದ ಕೆಂಪು ಕಲ್ಲಿನ ಚೂರು ತಂದು, ಸೀಮೆಎಣ್ಣೆಯೊಂದಿಗೆ ಟಾಕಿಗೆ ಸುರಿದು, ನಾನೂ ಮಿಸ್ತ್ರಿ ರಾಜೇಸಾಬನೂ ಎರಡು ತುದಿ ಹಿಡಿದು ಕೂಸನ್ನು ತೂಗಿದಂತೆ ತೂಗಿದೆವು. ತುಕ್ಕೆಲ್ಲ ಬಿಟ್ಟುಬಂತು. ತಾಮ್ರದ ನಳಿಗೆ ಹೊಸದಾಗಿ ಮಾಡಿಸಿದೆವು, ಮುಚ್ಚಳ ಮಾತ್ರ ಹಳೆಯದೇ. ಪ್ರತಿ ತಿರುಪಿಗೂ ನಾನು ಸ್ಪ್ಯಾನರು ಹಿಡಿದು ನಿಂತು ವಿವರಣೆ ಕೊಡುತ್ತಿದ್ದುದರಿಂದ ರಾಜೇಸಾಬ, "ಮಾಸ್ತರ, ಪಾಠ ನೀವು ಹೇಳ್ರಿ, ಪಾನಾ ಅಷ್ಟ ನನ್ನ ಕೈಯಾಗ ಕೊಡ್ರಿ" ಎಂದು ಕೈಮುಗಿದ. ಅಮಾವಾಸ್ಯೆಯ ಹಿಂದಿನ ದಿನ ಗಾಡಿ ಒಂದು ತಾಸು ಎಲ್ಲೂ ನಿಲ್ಲದೆ ಓಡಿತು. ಅಣ್ಣ ಕಟ್ಟೆಯಿಂದೆದ್ದು ಬಂದು ಟಾಕಿಯನ್ನು ತಡವಿ, "ಅಪ್ಪ ತಂದಾಗ ಹಿಂಗ ಇತ್ತು" ಎಂದ. ಆ ದಿನ ನಾನು ಊಟ ಬಿಟ್ಟಿದ್ದರೂ ನಡೆಯುತ್ತಿತ್ತು.

ಮರುದಿನ ಬೆಳಗ್ಗೆ ಗಾಡಿಯ ಪೂಜೆಯನ್ನು ನಾನೇ ಮಾಡಿದೆ. ಬಾನೆಟ್ಟಿನ ಮೇಲೆ ಎದ್ದು ಕಾಣುವ ಟಾಕಿಯ ಮುಚ್ಚಳಕ್ಕಿಂತ ಒಳ್ಳೆಯ ಹಣೆ ಟ್ರ್ಯಾಕ್ಟರಿಗೆ ಎಲ್ಲಿದೆ? ವಿಭೂತಿ ಕಲಸಿ, ಮೂರು ಬೆರಳಿನಿಂದ ದಪ್ಪಗೆ ಎಳೆದೆ. ತೆಳುವಾಗಿದೆ ಅನ್ನಿಸಿ ಮತ್ತೊಂದು ಸಲ ಎಳೆದೆ. ಅಣ್ಣ ಧೋತರ ಕಚ್ಚೆ ಹಾಕಿ, ಪಟಗಾ ಸುತ್ತಿ, ಊರುಗೋಲು ಹಿಡಿದು, ಒಂದೊಂದೇ ಕಾಲಿಟ್ಟು ಹತ್ತಿ ಕೂತ. ಟ್ರೇಲರಿನಲ್ಲಿ ಬುತ್ತಿಯ ಬುಟ್ಟಿಯೊಂದಿಗೆ ಅತ್ತಿಗೆ, ಮಡ್‌ಗಾರ್ಡಿನ ಮೇಲೆ ಎದೆ ಉಬ್ಬಿಸಿಕೊಂಡು ನಾನು.

ಊರು ದಾಟಿದೊಡನೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ನಾನು ಹಾರಿ ಇಳಿದು, ಗಾಜಿನ ಬಟ್ಟಲು ನೋಡಿ, ಡೀಸೆಲ್ ಇದೆಯೋ ಎಂದು ಮುಚ್ಚಳ ತೆಗೆದು ಇಣುಕಿ, ಮತ್ತೆ ಹಾಕಿದೆ. ಚಾಲೂ ಆಯಿತು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು, ಮತ್ತೆ ಅದೇ ಉಪಚಾರ, ಮತ್ತೆ ಚಾಲೂ. ಮೂರನೆಯ ಸಲ ನಿಂತಾಗ ಹಿಂದಿನಿಂದ ಊರವರ ಟ್ರ್ಯಾಕ್ಟರುಗಳು ಸಾಲಾಗಿ ಬಂದವು. "ಸಂಗಪ್ಪಣ್ಣ, ಹಗ್ಗಾ ಹಾಕಿ ಎಳಿಯೂನೇನು?" ಎಂದು ಒಬ್ಬ ಕೂಗಿದ. ಅಣ್ಣನ ಮುಖ ಸಣ್ಣದಾಯಿತು. ಸ್ಟೇರಿಂಗ್ ಬಿಟ್ಟು ಊರುಗೋಲಿಗೆ ಕೈ ಹಾಕಿ, "ಸಾಕಪಾ. ಅಪ್ಪ ಅಂದದ್ದ ಖರೆ. ಮನಿಗೆ ಹೋಗೂನು" ಎಂದ. ಈಗ ಇಳಿದರೆ ಇವನು ಇನ್ನೆಂದೂ ಹತ್ತುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಇನ್ನೇನು ಮಾಡಬೇಕೆಂದು ತಿಳಿಯದೆ ಮತ್ತೊಮ್ಮೆ ಮುಚ್ಚಳ ತಿರುವಿದೆ.

"ತಡೀರಿ ಮಾಸ್ತರ" ಎಂದರು ಅತ್ತಿಗೆ ಟ್ರೇಲರಿನಿಂದ. "ಅದನ್ನ ತಗದಾಗೊಮ್ಮೆ ಸುಂಯ್ ಅಂತೈತಿ. ಎಣ್ಣಿ ಡಬ್ಬಿಗೆ ಒಂದ ತೂತು ಹೊಡದ್ರ ಎಣ್ಣಿ ಬೀಳತೈತೇನು? ಗಾಳಿ ಹೋಗಾಕ ಇನ್ನೊಂದು ಬೇಕಲ್ಲ? ಇದರ ತೂತು ಎಲ್ಲೈತಿ?"

ತೂತು ಮುಚ್ಚಳದ ನಡುವೆಯೇ ಇತ್ತು. ಅದರ ಮೇಲೆ ನನ್ನ ಭಕ್ತಿ ಎರಡು ಪದರ ಒಣಗಿ ಸಿಮೆಂಟಾಗಿತ್ತು. ಅತ್ತಿಗೆ ಸೆರಗಿನ ಪಿನ್ನು ಬಿಚ್ಚಿ ಕೊಟ್ಟರು, ನಾನು ಚುಚ್ಚಿದೆ. ಗಾಳಿಯ ಒತ್ತಡದ ಪಾಠಕ್ಕೆ ಪ್ರತಿ ವರ್ಷ ಒಂದು ಡಬ್ಬಿಗೆ ಎರಡು ತೂತು ಹೊಡೆದು ಮಕ್ಕಳಿಗೆ ತೋರಿಸುವವನು ನಾನೇ ಎಂಬುದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ. ಅಣ್ಣ ಊರುಗೋಲು ಕೆಳಗಿಟ್ಟು ಗಾಡಿ ಚಾಲೂ ಮಾಡಿದ. ಹೊಲ ಮುಟ್ಟುವ ತನಕ ಅದು ಒಮ್ಮೆಯೂ ಕೆಮ್ಮಲಿಲ್ಲ.

ಅಣ್ಣ ತಾನೇ ಚರಗ ಚೆಲ್ಲಿದ. ಬಿಳಿಜೋಳದ ಸಾಲಿನ ನಡುವೆ ಬರಿಗಾಲಲ್ಲಿ ಒಂದು ಸುತ್ತು ಹಾಕಿ ಬಂದು ಊಟಕ್ಕೆ ಕೂತ. ರೊಟ್ಟಿ ಮುರಿಯುತ್ತ ಕೇಳಿದ: "ಅಂದ್ರ ಆವಾಗೂ ಟಾಕೀದೇನ ತಪ್ಪಿರಲಿಲ್ಲ?"

"ಇರಲಿಕ್ಕಿಲ್ಲ."

"ನಂದೂ ಇರಲಿಲ್ಲ."

"ಇಲ್ಲಣ್ಣ."

ಅವನ ಮುಖದಲ್ಲಿ ಮೂವತ್ತು ವರ್ಷದ ಭಾರ ಇಳಿದದ್ದು ಕಾಣಿಸಿತು. ನನಗೆ ಬಹಳ ಸಂತೋಷವಾಯಿತು. ಅಷ್ಟರಲ್ಲಿ ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಆವಾಗ ಗಾಡಿ ಪೂಜಿ ಯಾರ ಮಾಡ್ತಿದ್ರಲೇ?" ಎಂದ.

ನಾನು ಬದನೆಕಾಯಿ ಪಲ್ಯದಲ್ಲಿ ತುಂಬಾ ಆಸಕ್ತಿ ತೋರಿಸುತ್ತ, "ಅವ್ವ ಇರಬೇಕು" ಎಂದೆ.

"ಅವ್ವಗ ಬಾನೆಟ್ಟು ಎಲ್ಲಿ ನಿಲಕತಿತ್ತೋ? ಮನಿಯಾಗ ಉದ್ದಂದಾಂವ ನೀನೊಬ್ಬನ" ಎಂದು ಹೇಳಿ, ಅಣ್ಣ ನನ್ನ ತಾಟಿಗೆ ಇನ್ನೊಂದು ಶೇಂಗಾ ಹೋಳಿಗೆ ಹಾಕಿದ. ತಪ್ಪೊಪ್ಪಿಕೊಳ್ಳಲೆಂದು ತೆರೆದ ಬಾಯಿಗೆ ನಾನು ಆ ಹೋಳಿಗೆಯನ್ನೇ ಇಟ್ಟುಕೊಂಡೆ.