ಮಾಮಾನ ಕಾಯಂ ಹುಕುಂ

ನಮ್ಮ ಮಾಮಾ ಆಡಿದ ಮಾತನ್ನು ಹಿಂತೆಗೆದುಕೊಂಡದ್ದನ್ನು ಹುಟ್ಟಿದಾಗಿನಿಂದ ನಾನು ಕಂಡಿಲ್ಲ. ಸಾರಿಗೆ ಉಪ್ಪು ಕಡಿಮೆ ಎಂದರೆ ಕಡಿಮೆ. ತಿಂದದ್ದು ಸಾರಲ್ಲ, ಪಾಯಸ ಎಂದು ಗೊತ್ತಾದರೂ ಕಡಿಮೆಯೇ! ಇಂಥವರ ಕೈಗೆ ಗದುಗಿನ ಒಂದು ಕಣ್ಣಿನ ದವಾಖಾನೆಯವರು ಸರ್ವರ್ ಕೊಟ್ಟಿದ್ದಾರೆ. ರೋಗಿಗಳ ಹೆಸರು, ಊರು, ಚೀಟಿ ಎಲ್ಲ ಅದರ ಡೇಟಾಬೇಸಿನಲ್ಲೇ ಇವೆ.

ಮೂರು ನಿಮಿಷ ಸುಮ್ಮನೆ ಕೂತವರ ಸಂಪರ್ಕ ಕಡಿ ಎಂದು ಮಾಮಾ ಸರ್ವರಿಗೆ ಒಂದು ಸಾಲಿನ ಹುಕುಂ ಟೈಪ್ ಮಾಡಿದ್ದರು. ಕರೆಂಟು ಹೋಗಿ ಬಂದರೆ ಸರ್ವರಿಗೆ ಆ ಹುಕುಮಿನ ನೆನಪೇ ಇರುತ್ತಿರಲಿಲ್ಲ. ಹೀಗಾಗಿ ಕರೆಂಟು ಹೋಗಲಿ ಎಂದು ಹರಕೆ ಹೊತ್ತ ಸಿಬ್ಬಂದಿ ಇಡೀ ಜಿಲ್ಲೆಯಲ್ಲಿ ಅಲ್ಲಿ ಮಾತ್ರ ಇದ್ದರು! ಆಮೇಲೆ ಮಾಮಾಗೆ ‘ಆಲ್ಟರ್ ಸಿಸ್ಟಂ’ ಎಂಬ ಕಮಾಂಡ್ ಸಿಕ್ಕಿತು. ಹಾಗೆ ಹೇಳಿದ್ದನ್ನು ಸರ್ವರ್ ತಾನೇ ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದಂತೆ.

“ಇನ್ನ ಕರೆಂಟ್ ಹೋಗ್ಲಿ, ಮಿಷನ್ ಸತ್ತು ಹುಟ್ಲಿ, ನಾ ಹೇಳಿದ್ದು ಹೇಳಿದ್ದ!”

ಏಟು ಬಿದ್ದದ್ದು ನಮ್ಮ ಅವ್ವನಿಗೆ. ಅವಳು ಮಾಮಾನ ಒಡಹುಟ್ಟಿದ ಅಕ್ಕ, ಅದೇ ದವಾಖಾನೆಯ ಚೀಟಿ ಕೌಂಟರಿನಲ್ಲಿ ಕೂಡುವವಳು. ಲಕ್ವ ಹೊಡೆದ ಮೇಲೆ ಎಡಗೈಯ ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಾಳೆ. ಚೀಟಿ ಪೂರ್ತಿ ತುಂಬಿ ಕಳಿಸುವವರೆಗೆ ಸರ್ವರಿನ ಲೆಕ್ಕದಲ್ಲಿ ಅವಳು ಸುಮ್ಮನೆ ಕೂತಂತೆಯೇ. ರೋಗಿಯ ಊರು ‘ಅಂತೂರ ಬೆಂತೂರ’ ಎಂದು ಮುಗಿಸುವಷ್ಟರಲ್ಲಿ ಸಂಪರ್ಕ ಕಟ್! ಹೀಗೇ ಆದರೆ ಮುಂದಿನ ತಿಂಗಳಿಂದ ಮನೆಯಲ್ಲಿರಿ ಎಂದು ಮ್ಯಾನೇಜರ್ ಹೇಳಿಬಿಟ್ಟ.

“ತಮ್ಮಾ, ನನಗಷ್ಟ ಒಂದ್ ಹತ್ತ ನಿಮಿಷ ಕೊಡೋ” ಎಂದಳು ಅವ್ವ.

“ಕಾಯ್ದೆ ಅಂದ್ರ ಕಾಯ್ದೆ. ಅಕ್ಕಗೂ ಅದ, ಡಾಕ್ಟರಿಗೂ ಅದ!”

ಇಂಥ ತಮ್ಮ ಯಾರ ಶತ್ರುವಿಗೂ ಬೇಡ. ನಾನು ಅವರ ಜೊತೆ ಮಾತು ಬಿಟ್ಟೆ.

ಎರಡು ವಾರವಾಗಿರಬೇಕು, ಅವರೇ ಫೋನ್ ಮಾಡಿದರು. ಊರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವನು ನಾನು, ಬೇರೆ ಯಾರಿಗೆ ಮಾಡಿಯಾರು? ದವಾಖಾನೆಗೆ ಹೋದೆ. ಯಂತ್ರದಲ್ಲಿ ಇದ್ದದ್ದಕ್ಕಿಂತ ನಾಲ್ಕು ಪಟ್ಟು ಮೆಮೊರಿ ಬಳಸು ಎಂದು ಕಾಯಂ ಹುಕುಂ ಕೊಟ್ಟು, ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಲು ಹೋಗಿದ್ದರು. ಅದು ಏಳಲೇ ಇಲ್ಲ! ಹುಕುಂ ಹಿಂತೆಗೆಯಲು ಸರ್ವರ್ ಎದ್ದಿರಬೇಕು, ಸರ್ವರ್ ಏಳಲು ಹುಕುಂ ಹಿಂತೆಗೆಯಬೇಕು. ಹೊರಗೆ ಮುಂಡರಗಿ, ಶಿರಹಟ್ಟಿಯಿಂದ ಬಂದ ಮುದುಕರ ಸಾಲು.

“ಫೈಲಿನ್ಯಾಗ ಆ ಒಂದ್ ಸಾಲ ಅಳಿಸಿದ್ರ ಆತು ಮಾಮಾ.”

“ಕೈಯಿಂದ ತಿದ್ದಬ್ಯಾಡ್ರಿ ಅಂತ ಮ್ಯಾಲ ಬರದೈತಿ, ಕಾಣಂಗಿಲ್ಲೇನಲೇ?”

ಲಕ್ಷ್ಮೇಶ್ವರದ ಅಜ್ಜನೊಬ್ಬ ಬಾಗಿಲಲ್ಲಿ ಇಣುಕಿದ: “ಸಾಹೇಬ್ರ, ನಮಗ ಕಣ್ಣ ಕಾಣಂಗಿಲ್ಲ ಖರೆ. ಹೊರಗಿನ ಮಂದಿ ನಿಮಗೂ ಕಾಣವಲ್ರೇನು?”

ಮಾಮಾ ಗೋಡೆಯ ಕಡೆ ತಿರುಗಿ ನಿಂತರು. “ನೀ ಅಳಿಸು. ನಾ ನೋಡಂಗಿಲ್ಲ.”

ಅಳಿಸಿದೆ, ಸರ್ವರ್ ಎದ್ದಿತು. ಉಳಿದ ಹುಕುಮುಗಳು ಇವೆಯೋ ಇಲ್ಲವೋ ನೋಡಲು ಪಟ್ಟಿ ತೆರೆದೆ. ಮೂರು ನಿಮಿಷದ್ದು ಭದ್ರವಾಗಿತ್ತು. ಕೆಳಗೆ, ಒಬ್ಬೊಬ್ಬರಿಗೇ ಬೇರೆಯಾಗಿ ಕೊಡುವ ಹುಕುಮುಗಳಲ್ಲಿ ಇದ್ದದ್ದು ಒಂದೇ ಹೆಸರು, ನಮ್ಮ ಅವ್ವನದು. ಮುಂದೆ ಸೊನ್ನೆ. ಸೊನ್ನೆ ಎಂದರೆ ಮಿತಿಯೇ ಇಲ್ಲ. ಎಷ್ಟು ಹೊತ್ತು ತೆಗೆದುಕೊಂಡರೂ ಅವಳ ಸಂಪರ್ಕ ಕಡಿಯುವುದಿಲ್ಲ. ಅದೂ ಕಾಯಂ! ಮಾತು ಬಿಟ್ಟು ಮೆರೆದಿದ್ದಕ್ಕೆ ನನಗೆ ನಾಚಿಕೆಯಾಯಿತು.

“ಮಾಮಾ, ಅವ್ವನ ಹೆಸರಿಗೆ…” ಎಂದೆ.

“ಗಟ್ಟಿಯಾಗಿ ಓದಬ್ಯಾಡಲೇ” ಎಂದರು, ಗೋಡೆಯಿಂದ ಮುಖ ತಿರುಗಿಸದೆ. “ತನ್ನ ಕೈ ಸುಧಾರಿಸೇತಿ ಅಂತ ತಿಳ್ಕೊಂಡಾಳ ಅಕ್ಕ. ಹಂಗ ಇರ್ಲಿ.”